ಊಟವಾದ ಮೇಲೆ ಹೇಳಿದ ರೇಟು

ನಮ್ಮ ಮನೆಯಲ್ಲಿ ಹಸಿದ ಹೊಟ್ಟೆಯಲ್ಲಿ ಯಾರೂ ರೇಟು ಹೇಳುವ ಹಾಗಿರಲಿಲ್ಲ. ಗಾರೆಯವನಿರಲಿ, ಬಾವಿಗೆ ಮೋಟಾರು ಕೂರಿಸುವವನಿರಲಿ, ಕಿಟಕಿಗೆ ಗ್ರಿಲ್ ಹಾಕುವವನಿರಲಿ, ಬಂದವನು ಮೊದಲು ನಡುಮನೆಯ ಚಾಪೆಯ ಮೇಲೆ ಕೂತು ಊಟ ಮಾಡಬೇಕು, ಹಿತ್ತಲಲ್ಲಿ ಕೈ ತೊಳೆದು ಬರಬೇಕು, ಎಲೆ ಅಡಿಕೆ ಹಾಕಿಕೊಳ್ಳಬೇಕು, ಆಮೇಲೆ ಬಾಯಿ ಬಿಟ್ಟು ಎಷ್ಟಾಗುತ್ತದೆ ಅನ್ನಬೇಕು. ಇದು ಅಜ್ಜಿ ಮಾಡಿದ ಕಾನೂನು. ಅಜ್ಜಿ ಎಂದರೆ ಅಪ್ಪನ ತಾಯಿ. ಯಡಿಯೂರಿನಲ್ಲಿ ಇನ್ನೂ ಹೊಲಗಳಿದ್ದ ಕಾಲದಲ್ಲಿ ಸೊಪ್ಪು, ಮೂಲಂಗಿ ಬೆಳೆದು, ತಲೆಯ ಮೇಲೆ ಹೊತ್ತು ಮಾರ್ಕೆಟ್ಟಿಗೆ ಹೋಗುತ್ತಿದ್ದವಳು. ನಾನು ಹುಟ್ಟುವ ಹೊತ್ತಿಗೆ ಹೊಲವೆಲ್ಲ ಸೈಟುಗಳಾಗಿ ಹೋಗಿ, ನಮ್ಮ ಪಾಲಿಗೆ ಒಂದು ಹೆಂಚಿನ ಮನೆ, ಪಕ್ಕದಲ್ಲಿ ಬಾಡಿಗೆಗೆ ಕೊಟ್ಟ ಎರಡು ರೂಮು, ಮುಂದೆ ಒಂದು ಅಂಗಳ ಉಳಿದಿತ್ತು. ಬಾಡಿಗೆಗೆ ಮನೆ ಕೇಳಿಕೊಂಡು ಬಂದವರಿಗೂ ಅಜ್ಜಿ ಊಟ ಹಾಕಿಯೇ ಅಳೆಯುತ್ತಿದ್ದಳು. ಜಯನಗರದ ಬ್ಯಾಂಕಿನ ಗುಮಾಸ್ತರೊಬ್ಬರು ರೂಮು ನೋಡಲು ಬಂದು, ಬಸ್ಸಾರು ಮುದ್ದೆ ತಿನ್ನಬೇಕಾಗಿ ಬಂದದ್ದಕ್ಕೆ ಹೆದರಿ ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಅವರು ಹೋದದ್ದೇ ಒಳ್ಳೆಯದಾಯಿತು ಎಂದು ಅಜ್ಜಿ ಹೇಳಿದಳು.

“ನನ್ನ ಕೈಯಲ್ಲಿ ಉಂಡು, ನನ್ನ ಮುಖ ನೋಡ್ಕೊಂಡು ಜಾಸ್ತಿ ಹೇಳೋ ಗಂಡ್ಸು ಇನ್ನೂ ಹುಟ್ಟಿಲ್ಲ ಕಣೆ.”

ಅಮ್ಮನಿಗೆ ಈ ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಅವಳು ಚಿಕ್ಕಲಸಂದ್ರದವಳು, ಎಸ್ಸೆಸ್ಸೆಲ್ಸಿ ಪಾಸಾದವಳು, ಏನಿದ್ದರೂ ಕಾಗದದಲ್ಲಿ ಬರೆದುಕೊಡಬೇಕು ಎನ್ನುವವಳು. ಬೆಳಿಗ್ಗೆ ಹತ್ತಕ್ಕೆ ಯಾರೋ ರೇಟು ಹೇಳಲು ಬರುತ್ತಾರೆಂದರೆ ಎಂಟರಿಂದಲೇ ಒಲೆ ಮುಂದೆ ನಿಲ್ಲಬೇಕಾದವಳೂ ಅವಳೇ ತಾನೆ. ಮುದ್ದೆ ತೊಳಸುವ ಕೋಲನ್ನು ಪಾತ್ರೆಗೆ ಕುಕ್ಕಿ ಕುಕ್ಕಿ ಅವಳು ಮಾತಾಡುವುದು, ಅಜ್ಜಿ ಕಾಳು ಬಿಡಿಸುತ್ತ ಕೇಳಿಸದವಳ ಹಾಗೆ ಕೂರುವುದು, ಅಪ್ಪ ಅಂಗಳಕ್ಕೆ ಹೋಗಿ ವ್ಯಾನಿನ ಗಾಜು ಒರೆಸುವುದು. ನಮ್ಮ ಮನೆಯ ಜಗಳಗಳೆಲ್ಲ ಇದೇ ಮೂರು ಜಾಗದಲ್ಲಿ ನಡೆಯುತ್ತಿದ್ದವು. ನಾನು ಹೊಸ್ತಿಲ ಮೇಲೆ ಕೂತು ಮೂರನ್ನೂ ನೋಡುತ್ತಿದ್ದೆ. ನನಗಾಗ ಹತ್ತು ವರ್ಷ, ಮತ್ತು ನಾನು ಪೂರ್ತಿ ಅಜ್ಜಿಯ ಪಾರ್ಟಿ.

ವ್ಯಾನಿನ ವಿಷಯ ಹೇಳಬೇಕು. ಅಪ್ಪ ಅದನ್ನು ಕೊಳ್ಳುವ ಮೊದಲು ಕನಕಪುರ ರಸ್ತೆಯ ಕಲ್ಯಾಣ ಮಂಟಪದ ಮಾಲೀಕರೊಬ್ಬರ ಕಾರು ಓಡಿಸುತ್ತಿದ್ದರು. ಆ ಮನುಷ್ಯ ಹನ್ನೊಂದು ವರ್ಷದಲ್ಲಿ ಒಂದು ಸಲವೂ ಅಪ್ಪನ ಹೆಸರು ಹಿಡಿದು ಕರೆಯಲಿಲ್ಲ. “ಏ ಡ್ರೈವರ್” ಅಷ್ಟೇ. ಎದುರಿಗೆ ಹೆಂಡತಿ ಮಕ್ಕಳು ನಿಂತಿದ್ದರೂ “ಏ ಡ್ರೈವರ್.” ಅದನ್ನು ಬಿಟ್ಟು, ಎರಡು ಕೈ ಬದಲಾಗಿ ಬಂದಿದ್ದ ಹಳೇ ವ್ಯಾನು ಕೊಂಡು, ಬನಶಂಕರಿಯಿಂದ ಜಯನಗರದ ಸ್ಕೂಲುಗಳಿಗೆ ಮಕ್ಕಳನ್ನು ಬಿಡುವ ಕೆಲಸ ಶುರುಮಾಡಿದಾಗ ಅಪ್ಪ ಬೇರೆಯೇ ಮನುಷ್ಯರಾದರು. ಹದಿನಾರು ಮಕ್ಕಳು ಅವರನ್ನು ವ್ಯಾನ್ ಅಂಕಲ್ ಎಂದು ಕರೆಯುತ್ತಿದ್ದರು. ಅವರ ತಾಯಂದಿರು ಗೇಟಿನ ಹತ್ತಿರ ನಿಂತು “ರಾಜಣ್ಣ, ಇವತ್ತು ಇವನಿಗೆ ಜ್ವರ” ಎಂದು ಹೇಳುತ್ತಿದ್ದರು. ಹೆಸರು ಹಿಡಿದು. ಅಪ್ಪ ಬೆಳಿಗ್ಗೆ ಶೇವ್ ಮಾಡಿಕೊಳ್ಳುವಾಗ ಸಿಳ್ಳೆ ಹಾಕುವುದನ್ನು ನಾನು ಮೊದಲು ಕೇಳಿದ್ದು ಆ ವರ್ಷ. ಅದೇ ವ್ಯಾನು ಮಾರನೇ ವರ್ಷ ಹೊಗೆ ಕಾರಲು ಶುರುಮಾಡಿತು. ಏರು ಬಂದರೆ ಏದುಸಿರು. ಅಮ್ಮ ಅಪ್ಪನನ್ನು ಕೂರಿಸಿಕೊಂಡು ಒಂದು ಮಾತು ತೆಗೆದುಕೊಂಡಳು. ಕೈಯಲ್ಲಿದ್ದದ್ದು ಅವಳು ಕಟ್ಟಿದ ಚೀಟಿಯ ದುಡ್ಡು ಒಂದೇ. ರಿಪೇರಿ ಅದರೊಳಗೆ ಮುಗಿದರೆ ಸರಿ. ಮೀರಿದರೆ ವ್ಯಾನು ಮಾರಿ, ಮತ್ತೆ ಮಂಟಪದ ಸಾಹುಕಾರರ ಹತ್ತಿರ ಹೋಗಬೇಕು. ಅವರು ಆಗಲೇ ಎರಡು ಸಲ ಹೇಳಿಕಳಿಸಿದ್ದರು.

ಅಪ್ಪ ಹೂಂ ಎಂದರು. ಅವತ್ತು ಅವರು ಊಟಕ್ಕೆ ಬರಲಿಲ್ಲ.

ಮೆಕ್ಯಾನಿಕ್ ಸೆಲ್ವಣ್ಣನ ಗ್ಯಾರೇಜು ವಿಲ್ಸನ್ ಗಾರ್ಡನ್ನಿನಲ್ಲಿತ್ತು. ಕಪ್ಪಗೆ ಸಣ್ಣಗಿದ್ದ, ಬಹಳ ಸಂಕೋಚದ ಮನುಷ್ಯ. ಗಾಡಿ ನೋಡಲು ಭಾನುವಾರ ಬೆಳಿಗ್ಗೆಯೇ ಬಂದು, ಅಂಗಳದಲ್ಲಿ ಗೋಣಿಚೀಲ ಹಾಸಿಕೊಂಡು ವ್ಯಾನಿನ ಕೆಳಗೆ ಮಲಗಿ ಎರಡು ಗಂಟೆ ಏನೇನೋ ತಟ್ಟಿದರು, ಚಕ್ರ ಬಿಚ್ಚಿದರು, ಹಾಕಿದರು, ಇಂಜಿನ್ನಿಗೆ ಕಿವಿ ಇಟ್ಟರು. ಅಪ್ಪ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಆಸ್ಪತ್ರೆಯಲ್ಲಿ ಡಾಕ್ಟರ ಮುಖ ನೋಡುವವರ ಹಾಗೆ ಅವರ ಮುಖ ನೋಡುತ್ತಿದ್ದರು. ಸೆಲ್ವಣ್ಣ ಎದ್ದು ಕೈ ಒರೆಸಿಕೊಂಡು ಬಾಯಿ ತೆರೆದರು. ಅಷ್ಟರಲ್ಲಿ ಅಜ್ಜಿ ಹೊರಗೆ ಬಂದಳು.

“ಈಗ್ಲೇ ಏನೂ ಹೇಳ್ಬೇಡಪ್ಪಾ. ಮೊದ್ಲು ಕೈ ತೊಳ್ಕೊ, ಊಟಕ್ಕೆ ಬಾ.”

“ಅಯ್ಯೋ ಬೇಡಮ್ಮಾ, ನಂದು ಆಗಿದೆ.”

“ಆಗಿದ್ರೆ ಇನ್ನೊಂದ್ಸಲ ಆಗ್ಲಿ. ನಡಿ, ನಡಿ ಒಳಗೆ.”

ಅಂದು ಅವರೆಕಾಳಿನ ಸಾರು. ಸೆಲ್ವಣ್ಣ ಮುದ್ದೆಯನ್ನು ಅಗಿಯಲು ಹೋಗಿ ಹಲ್ಲಿಗೆ ಮೆತ್ತಿಸಿಕೊಂಡರು. ನನಗೆ ನಗು ತಡೆಯಲಾಗಲಿಲ್ಲ. ಅಜ್ಜಿ ಎದುರಿಗೆ ಕೂತು, ಚೂರು ಮುರಿದು, ಸಾರಿನಲ್ಲಿ ಹೊರಳಿಸಿ, ಹೀಗೆ ನುಂಗಪ್ಪಾ, ಅಗೀಬೇಡ ಎಂದು ಮಗುವಿಗೆ ಕಲಿಸುವ ಹಾಗೆ ಕಲಿಸಿದಳು. ಬಲವಂತ ಮಾಡಿ ಎರಡನೇ ಮುದ್ದೆ ಹಾಕಿದಳು. ಸಾರಿನ ಮೇಲೆ ಸಾರು. ಮಕ್ಕಳೆಷ್ಟು ಎಂದು ಕೇಳಿದಳು. ಒಬ್ಬಳು ಮಗಳು, ಮೂರನೇ ಕ್ಲಾಸು. ಹಾಗಾದರೆ ಅವಳಿಗೂ ಸ್ವಲ್ಪ ತಗೊಂಡು ಹೋಗು ಎಂದು ಡಬ್ಬಿಗೆ ಹಾಕಿಸಿದಳು. ಮಗ, ಸೊಸೆ, ಮೊಮ್ಮಗಳು ಎಲ್ಲರೂ ಈ ವ್ಯಾನನ್ನೇ ನಂಬಿಕೊಂಡಿದ್ದೇವೆ, ಚೀಟಿ ದುಡ್ಡು ಬಿಟ್ಟರೆ ಇನ್ನೇನೂ ಇಲ್ಲ ಎಂದು ಸೀರೆಯ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಆ ಒರೆಸಿಕೊಂಡದ್ದು ನಿಜವಾದ ದುಃಖಕ್ಕೋ ಕಾನೂನಿನ ಒಂದು ಭಾಗವೋ ನನಗೆ ಇವತ್ತಿಗೂ ಗೊತ್ತಿಲ್ಲ. ಎಲ್ಲ ಮುಗಿದ ಮೇಲೆ ಸೆಲ್ವಣ್ಣ ನೆಲ ನೋಡುತ್ತಾ ಇಂಜಿನ್ ಕೆಲಸಕ್ಕೆ ಇಷ್ಟಾಗುತ್ತೆ ಎಂದರು. ಚೀಟಿಯ ದುಡ್ಡಿನಲ್ಲಿ ಅದು ಮುಕ್ಕಾಲು ಭಾಗವೂ ಇರಲಿಲ್ಲ.

“ಬೇರೇನೂ ಇಲ್ವಾ ಅಣ್ಣ?” ಅಪ್ಪನಿಗೆ ನಂಬಿಕೆಯೇ ಬರಲಿಲ್ಲ.

“ಅದು... ಬೇರೆದೆಲ್ಲ ಆಮೇಲೆ ನೋಡ್ಕೊಳೋಣ ಗುರು. ಇಳಿಜಾರಲ್ಲಿ ಮಾತ್ರ ಸ್ವಲ್ಪ ನಿಧಾನ ಹೋಗಿ. ಗೇರಲ್ಲೇ ಇಳ್ಸಿ.”

ಇದನ್ನು ಎಲ್ಲ ಮೆಕ್ಯಾನಿಕ್ಕುಗಳೂ ಹೇಳುತ್ತಾರೆ ಎಂದುಕೊಂಡ ಅಪ್ಪ ತಲೆಯಾಡಿಸಿದರು. ಸೆಲ್ವಣ್ಣ ಗೇಟು ದಾಟಿದ ಕೂಡಲೇ ಅಜ್ಜಿ ಅಮ್ಮನ ಕಡೆ ತಿರುಗಿದಳು. ಅವಳ ಮುಖವನ್ನು ನೋಡಬೇಕಿತ್ತು, ಚುನಾವಣೆ ಗೆದ್ದವರ ಮುಖ! ಅಮ್ಮ ಉಂಡ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಆದರೆ ಅವಳಿಗೂ ಒಳಗೊಳಗೇ ಖುಷಿಯಾಗಿತ್ತು, ಏಕೆಂದರೆ ಚೀಟಿಯಲ್ಲಿ ಉಳಿದ ದುಡ್ಡಿಗೆ ಮಿಕ್ಸಿ ಬರುತ್ತಿತ್ತು. ಒರಳುಕಲ್ಲು ತಿರುಗಿಸಿ ತಿರುಗಿಸಿ ಅವಳ ಬಲ ಭುಜ ನೋಯುತ್ತಿತ್ತು. ಯಾವ ಬಣ್ಣದ್ದು ತಗೊಳ್ಳೋಣ ಎಂದು ನನ್ನನ್ನು ಕೇಳಿದಳು. ನಾನು ಕೆಂಪು ಎಂದೆ.

ಇಂಜಿನ್ ಕೆಲಸವಾಗಿ ಹದಿನೈದು ದಿನವಾಗಿರಬೇಕು. ಹೊಗೆ ನಿಂತಿತ್ತು, ಏದುಸಿರು ಹೋಗಿತ್ತು. ಬೆಳಿಗ್ಗೆ ಮೊದಲ ಟ್ರಿಪ್ಪಿನಲ್ಲಿ ನಾನು ಮತ್ತು ಇನ್ನೂ ನಾಲ್ಕು ಮಕ್ಕಳಿದ್ದೆವು. ಯಡಿಯೂರು ಕೆರೆಯ ಕಡೆ ಇಳಿಯುವ ರಸ್ತೆಯಲ್ಲಿ ಅಪ್ಪ ಬ್ರೇಕು ಒತ್ತಿದರು. ಪೆಡಲು ನೆಲಕ್ಕೆ ಹೋಯಿತು, ವ್ಯಾನು ನಿಲ್ಲಲಿಲ್ಲ. ಮತ್ತೆ ಒತ್ತಿದರು. ಹ್ಯಾಂಡ್‌ಬ್ರೇಕ್ ಎಳೆದರು. ಅದೂ ಹಿಡಿಯಲಿಲ್ಲ. ಅಪ್ಪ “ಎಲ್ರೂ ಸೀಟ್ ಹಿಡ್ಕೊಳ್ಳಿ” ಎಂದದ್ದು ಎಷ್ಟು ಮೆತ್ತಗಿತ್ತೆಂದರೆ ನಮಗೆ ಹೆದರಿಕೆಯೇ ಆಗಲಿಲ್ಲ. ನಮ್ಮ ಕಡೆ ಆಗ ಮೂರು ಮನೆಗೊಂದು ಮನೆ ಕಟ್ಟುತ್ತಿದ್ದರು, ರಸ್ತೆಯ ಅರ್ಧ ಜಾಗ ಮರಳು, ಜಲ್ಲಿ. ದಿನಾ ಬೈದುಕೊಂಡು ಪಕ್ಕಕ್ಕೆ ಹೋಗುತ್ತಿದ್ದ ಮರಳಿನ ರಾಶಿಯೊಂದಕ್ಕೆ ಅಪ್ಪ ಅವತ್ತು ನೆಟ್ಟಗೆ ವ್ಯಾನು ನುಗ್ಗಿಸಿದರು. ಭುಸ್ ಎಂದು ಮರಳಿನೊಳಗೆ ಮೂತಿ ಹೂತು ನಿಂತಿತು. ಯಾರಿಗೂ ಒಂದು ಗೀರೂ ಆಗಲಿಲ್ಲ. ಮಕ್ಕಳು ಇನ್ನೊಂದು ಸಲ ಮಾಡಿ ಅಂಕಲ್ ಎಂದು ಕಿರುಚಿದರು. ಅಪ್ಪ ಕೆಳಗಿಳಿದು ಮರಳಿನ ಮೇಲೆ ಕೂತರು. ನಮ್ಮನ್ನು ಎರಡೆರಡು ಸಲ ಎಣಿಸಿದರು. ಆಮೇಲೆ ಆಟೋ ಹಿಡಿದು ಒಬ್ಬೊಬ್ಬರನ್ನೂ ಸ್ಕೂಲಿಗೆ ಬಿಟ್ಟು, ಸಂಜೆ ಎಲ್ಲರ ಮನೆಗೂ ಹೋಗಿ ನಡೆದದ್ದನ್ನು ತಾವೇ ಹೇಳಿದರು. ಗಾಡಿ ಪೂರ್ತಿ ಸರಿಹೋಗುವವರೆಗೆ ಮಕ್ಕಳನ್ನು ಹತ್ತಿಸುವುದಿಲ್ಲ ಎಂದೂ ಹೇಳಿದರು.

ಅವತ್ತಿನ ಜಗಳ ಮಾಮೂಲಿ ಜಾಗಗಳಲ್ಲಿ ನಡೆಯಲಿಲ್ಲ. ಎಲ್ಲರೂ ನಡುಮನೆಯಲ್ಲೇ ಇದ್ದೆವು. ಅಮ್ಮ ಅಳುತ್ತಿದ್ದಳು, ನನ್ನನ್ನು ಎಳೆದು ಎಳೆದು ತಬ್ಬಿಕೊಳ್ಳುತ್ತಿದ್ದಳು. ಅಜ್ಜಿ ಗೋಡೆಗೆ ಒರಗಿ ಸೆಲ್ವಣ್ಣನಿಗೆ ಶಾಪ ಹಾಕುತ್ತಿದ್ದಳು. ಉಂಡು ಹೋಗಿ ಹೀಗೆ ಮಾಡಿದನಲ್ಲ, ಅವನ ಕೈ ಸೇದಿಹೋಗ ಎನ್ನುತ್ತಿದ್ದಳು.

“ಅವ್ರನ್ಯಾಕೆ ಬೈತೀರ ಅತ್ತೆ? ಅವ್ರು ಬಾಯಿ ತೆಗ್ದಾಗ ತಡ್ದಿದ್ದು ಯಾರು? ಎರಡೆರಡು ಮುದ್ದೆ ಹಾಕಿ, ಕಣ್ಣಲ್ಲಿ ನೀರು ಹಾಕಿ, ಚೀಟಿ ದುಡ್ಡಿಷ್ಟೇ ಅಂತ ಹೇಳಿದ್ಮೇಲೆ ಯಾರು ತಾನೆ ನಿಜ ಹೇಳ್ತಾರೆ?”

ಅಜ್ಜಿ ಶಾಪ ನಿಲ್ಲಿಸಿದಳು. ನಾನು ಅವಳ ಪಾರ್ಟಿ ಎಂದೆನಲ್ಲ, ಏನಾದರೂ ಎದುರು ಮಾತಾಡುತ್ತಾಳೆ ಎಂದು ಕಾದೆ. ಅವಳು ಸುಮ್ಮನೆ ಅಂಗಳದ ಕಡೆ ನೋಡುತ್ತಿದ್ದಳು. ನನಗೆ ಅಮ್ಮನ ಮೇಲೆ ಸಿಟ್ಟು ಬಂತು, ಆಮೇಲೆ ಅಮ್ಮ ಹೇಳಿದ್ದು ಸರಿ ಅನ್ನಿಸಿ ಇನ್ನೂ ಸಿಟ್ಟು ಬಂತು. ವ್ಯಾನು ಮಾರುವುದೇ ಸರಿ, ಸಾಹುಕಾರರಿಗೆ ಸೋಮವಾರ ಹೇಳಿಕಳಿಸುತ್ತೇನೆ ಎಂದು ಅಪ್ಪ ಕೊನೆಗೆ ಹೇಳಿದರು.

ಮಾರನೇ ದಿನ ಬೆಳಿಗ್ಗೆ ಅಜ್ಜಿ ಕಾಫಿಯನ್ನೂ ಕುಡಿಯದೆ ಸೀರೆ ಉಟ್ಟು ನಿಂತಿದ್ದಳು. ಎಲ್ಲರೂ ನಡೀರಿ, ವಿಲ್ಸನ್ ಗಾರ್ಡನ್ನಿಗೆ ಎಂದಳು. ಮಾರುವುದಾದರೆ ಮಾರೋಣ, ಆದರೆ ಅದಕ್ಕೆ ಏನಾಗಿದೆ ಎಂದು ತಿಳಿದುಕೊಂಡು ಮಾರೋಣ. ಸುದ್ದಿ ತಿಳಿದು ಸೆಲ್ವಣ್ಣ ಹಿಂದಿನ ಸಂಜೆಯೇ ಬಂದು ಮರಳಿನಿಂದ ವ್ಯಾನನ್ನು ಎಳೆಸಿಕೊಂಡು ಹೋಗಿದ್ದರು. ನಾವು ಹೋದಾಗ ನಾಲ್ಕೂ ಚಕ್ರ ಬಿಚ್ಚಿ, ಕಲ್ಲುಗಳ ಮೇಲೆ ನಿಲ್ಲಿಸಿದ್ದರು. ನಮ್ಮನ್ನು ನೋಡಿ ಎದ್ದು ನಿಂತ ಅವರ ಮುಖ ಕಪ್ಪಿಟ್ಟಿತ್ತು. ಏನು ಮಾಡಬೇಕೆಂದು ತೋಚದೆ, ಎದುರಿನ ಅಂಗಡಿಗೆ ಟೀ ಹೇಳಲು ಕೈ ಎತ್ತಿದರು.

“ಟೀ ಬೇಡ. ನಾನೂ ಏನೂ ತಿಂದಿಲ್ಲ, ನಿಂಗೂ ಏನೂ ತಂದಿಲ್ಲ. ಅವತ್ತೇ ಗೊತ್ತಿತ್ತಾ ನಿಂಗೆ, ಬ್ರೇಕು ಹೋಗಿದೆ ಅಂತ?”

ಸೆಲ್ವಣ್ಣ ಹೌದೆಂದು ತಲೆಯಾಡಿಸಿದರು.

“ಮತ್ಯಾಕೆ ಹೇಳ್ಲಿಲ್ಲ?”

“ಬಾಯಿ ಬರ್ಲಿಲ್ಲಮ್ಮ. ನಿಮ್ಮನೇಲಿ ಅಷ್ಟು ಊಟ ಮಾಡಿ, ನನ್ ಮಗಳಿಗೂ ಕಟ್ಕೊಟ್ರಿ. ಇರೋದೇ ಅಷ್ಟು ದುಡ್ಡು ಅಂದ್ರಿ. ಬ್ರೇಕ್‌ದೂ ಸೇರಿದ್ರೆ ಗಾಡಿ ಮಾರ್ಬೇಕಾಗುತ್ತೆ ಅನ್ನಿಸ್ತು. ಇಂಜಿನ್ ಮಾಡಿಬಿಡೋಣ, ಬ್ರೇಕಿಗೆ ಹಳೇ ಸಾಮಾನು ಸಿಕ್ದಾಗ ನಾನೇ ಹಾಕ್ಕೊಡೋಣ ಅಂದ್ಕೊಂಡೆ. ಸಿಗ್ಲಿಲ್ಲ. ಅಷ್ಟರಲ್ಲಿ...”

ಅವರು ನನ್ನನ್ನು ನೋಡಿದರು. ಅಪ್ಪ ಮುಖ ತಿರುಗಿಸಿಕೊಂಡರು. ಅಜ್ಜಿ ಅಲ್ಲೇ ಇದ್ದ ಹಳೇ ಟೈರಿನ ಮೇಲೆ ಕೂತಳು. ನನ್ನದೇ ತಪ್ಪು ಕಣಪ್ಪಾ, ಅನ್ನ ಹಾಕಿ ನಿನ್ನ ಬಾಯಿ ಮುಚ್ಚಿಸಿದೆ ಎಂದಳು. ಅವಳು ತಪ್ಪು ಎಂದು ಒಪ್ಪಿಕೊಂಡದ್ದನ್ನು ನಾನು ಅದಕ್ಕಿಂತ ಮೊದಲು ಕೇಳಿರಲಿಲ್ಲ. ಕಾಗದ ತೆಗಿ, ಏನೇನಿದೆ ಎಲ್ಲ ಬರಿ, ನಮ್ಮ ಮುಖ ನೋಡಬೇಡ ಎಂದಳು.

ಸೆಲ್ವಣ್ಣ ಬರೆದರು. ಬಹಳ ಹೊತ್ತು ಬರೆದರು. ಬ್ರೇಕು, ಮುಂದಿನ ಟೈರು, ಹಿಂದಿನ ಸ್ಪ್ರಿಂಗ್ ಪಟ್ಟಿ, ಕ್ಲಚ್ಚು, ಸೈಲೆನ್ಸರ್, ತಳದ ತುಕ್ಕು. ಕಾಗದದ ಎರಡೂ ಮಗ್ಗುಲು ತುಂಬಿತು. ಅಪ್ಪ ಕೆಳಗಿನ ಮೊತ್ತ ನೋಡಿ ಕಾಗದವನ್ನು ಅಮ್ಮನ ಕೈಗೆ ಕೊಟ್ಟರು. ಅಲ್ಲಿಗೆ ಮುಗಿಯಿತು ಎಂದು ನನಗೂ ಗೊತ್ತಾಯಿತು. ಕಾಗದದಲ್ಲಿ ಬರೆದುಕೊಡಬೇಕು ಎಂದು ಇಷ್ಟು ವರ್ಷ ಹೇಳಿದ ಅಮ್ಮ, ಕಾಗದ ಕೈಗೆ ಬಂದ ಮೇಲೆ ಅದನ್ನು ಓದಲೂ ಇಲ್ಲ, ತಿರುಗಿಸಿ ಸೆಲ್ವಣ್ಣನ ಮುಂದೆ ಹಿಡಿದಳು.

“ನಾಳೆಯಿಂದ ನಿಮ್ಮ ಮಗಳು ಇದೇ ವ್ಯಾನಲ್ಲಿ ಸ್ಕೂಲಿಗೆ ಹೋಗ್ತಾಳೆ ಅಂದ್ಕೊಳ್ಳಿ. ಇದ್ರಲ್ಲಿ ಯಾವ್ದು ಬೇಕೇ ಬೇಕು?”

ಸೆಲ್ವಣ್ಣ ಪೆನ್ಸಿಲು ತೆಗೆದುಕೊಂಡು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟರು. ಬ್ರೇಕು ಬೇಕು, ನಾಲ್ಕೂ ಚಕ್ರಕ್ಕೆ, ಹೊಸದೇ. ಮುಂದಿನ ಟೈರು ಬೇಕು. ಸೈಲೆನ್ಸರ್ ಬರೀ ಸೌಂಡು ಅಮ್ಮ, ಬಿಡಿ. ಸ್ಪ್ರಿಂಗ್ ಪಟ್ಟಿ ಇನ್ನೊಂದು ವರ್ಷ ಬರುತ್ತೆ. ಕ್ಲಚ್ಚು ಹೋದ್ರೆ ಗಾಡಿ ನಿಲ್ಲುತ್ತೆ, ಯಾರಿಗೂ ಏನೂ ಆಗಲ್ಲ. ತುಕ್ಕು ಹಾಗೇ ಇರ್ಲಿ. ತಮ್ಮ ಕೈಯಾರೆ ಬರೆದದ್ದನ್ನು ತಾವೇ ಹೊಡೆದುಹಾಕುತ್ತ ಹೋದರು. ನನ್ನನ್ನು ಕರೆದು, ಬಿಚ್ಚಿಟ್ಟ ಬ್ರೇಕಿನ ಪಟ್ಟಿಯ ಮೇಲೆ ನನ್ನ ಬೆರಳಾಡಿಸಿ, ಎಷ್ಟು ತೆಳ್ಳಗಾಗಿದೆ ನೋಡು ಎಂದು ತೋರಿಸಿದರು. ಸ್ಲೇಟಿನಷ್ಟು ನುಣ್ಣಗಿತ್ತು. ಪಕ್ಕದಲ್ಲಿ ಹೊಸದನ್ನಿಟ್ಟು ಅದನ್ನೂ ಮುಟ್ಟಿಸಿದರು. ಕೊನೆಗೆ ಉಳಿದದ್ದು ಎರಡೇ ಸಾಲು. ಅಮ್ಮ ಮನಸ್ಸಿನಲ್ಲೇ ಏನೋ ಕೂಡಿಸಿದಳು, ಕಳೆದಳು. ಅವಳ ತುಟಿ ಅಲುಗುವುದು ಕಾಣುತ್ತಿತ್ತು. ಮಿಕ್ಸಿ ಮುಂದಿನ ವರ್ಷ ತಗೊಂಡರಾಯಿತು, ಇದನ್ನು ಮಾಡಿ ಎಂದಳು. ಅಪ್ಪ ಅಮ್ಮನ ಕಡೆ ನೋಡಿದರು. ಜನರೆದುರಿಗೆ ಅವರು ಅವಳ ಕೈ ಹಿಡಿದುಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಈಗ ನಾನು ಬಿಟಿಎಂ ಲೇಔಟಿನಲ್ಲಿರುತ್ತೇನೆ. ನನ್ನ ಕಾರಿಗೆ ಹದಿನಾಲ್ಕು ವರ್ಷ. ಎಸ್ಟಿಮೇಟು ಮೊಬೈಲಿಗೆ ಬರುತ್ತದೆ, ಮೂವತ್ತು ಸಾಲು, ಎಲ್ಲ ಸಾಲಿನ ಮುಂದೆಯೂ ಅರ್ಜೆಂಟ್ ಎಂದು ಕೆಂಪಗೆ ಬರೆದಿರುತ್ತದೆ. ನಾನು ಅದನ್ನು ಹಿಡಿದುಕೊಂಡು ಗ್ಯಾರೇಜಿಗೇ ಹೋಗುತ್ತೇನೆ. ಟೀ ಕೊಡಿಸುವುದಿಲ್ಲ, ಅವರು ಕೊಟ್ಟರೂ ಕುಡಿಯುವುದಿಲ್ಲ. ಕಷ್ಟ ಹೇಳಿಕೊಳ್ಳುವುದಿಲ್ಲ. ನಿಮ್ಮ ಮಗಳು ಇದರಲ್ಲಿ ಹೋಗೋದಾದರೆ ಯಾವುದು ಬೇಕು ಹೇಳಿ ಎಂದು ಕೇಳಿ, ಅವರ ಬೆರಳು ಯಾವ ಸಾಲಿನ ಮೇಲೆ ಹೋಗುತ್ತದೆ ಎಂದು ನೋಡುತ್ತೇನೆ. ಬಿಚ್ಚಿದ ಸಾಮಾನು ತೋರಿಸಿ ಎಂದು ಕೇಳಿ, ಮುಟ್ಟಿ ನೋಡುತ್ತೇನೆ. ಮೇಡಂ ಬಹಳ ಸ್ಟ್ರಿಕ್ಟು ಎಂದು ಹುಡುಗರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವುದು ಕೇಳಿಸುತ್ತದೆ. ಮಾತಾಡಿಕೊಳ್ಳಲಿ. ನಾನು ಅರ್ಧ ಅಮ್ಮ, ಅರ್ಧ ಅಜ್ಜಿ, ಮತ್ತು ನನಗೆ ಅದರ ಬಗ್ಗೆ ಸಂತೋಷವೇ ಇದೆ.

ಆ ವರ್ಷ ವ್ಯಾನಿಗೆ ಹೊಸ ಬ್ರೇಕು ಹಾಕಿದ ಮೇಲಿನ ಭಾನುವಾರ, ಮಕ್ಕಳನ್ನು ಹತ್ತಿಸುವ ಮೊದಲು ಅದೇ ಇಳಿಜಾರಿನಲ್ಲಿ ಒಂದು ಸಲ ಓಡಿಸಿ ನೋಡಬೇಕು ಎಂದು ಅಪ್ಪ ಹೊರಟರು. ಸೆಲ್ವಣ್ಣ ಬಂದಿದ್ದರು. ಅಜ್ಜಿ ಮುಂದಿನ ಬಾಗಿಲು ತೆಗೆದು ಅಪ್ಪನ ಪಕ್ಕ ಹತ್ತಿ ಕೂತಳು.

“ನೀನ್ಯಾಕವ್ವಾ?”

“ನಾನು ಮಾಡಿದ ತಪ್ಪು ಸರಿಹೋಗಿದ್ಯೋ ಇಲ್ವೋ ನಾನೇ ನೋಡ್ಬೇಕು. ಬಿಡು ಗಾಡಿ.”

ಅವಳು ಕೂತ ಮೇಲೆ ಅಮ್ಮ ಬಿಡುತ್ತಾಳೆಯೇ? ಅವಳೂ ಹತ್ತಿದಳು, ನಾನೂ ಹತ್ತಿದೆ, ಹಿಂದಿನ ಸೀಟಿನಲ್ಲಿ ಸೆಲ್ವಣ್ಣ ಮುದುಡಿಕೊಂಡು ಕೂತರು. ಇಳಿಜಾರಿನ ತುದಿಯಲ್ಲಿ ಅಪ್ಪ ಒಂದು ಕ್ಷಣ ನಿಲ್ಲಿಸಿದರು. ವ್ಯಾನು ಇಳಿಯಿತು, ಜೋರಾಯಿತು, ಅಜ್ಜಿ ಎರಡೂ ಕೈಯಲ್ಲಿ ಸೀಟು ಹಿಡಿದಳು. ಅಪ್ಪ ಬ್ರೇಕು ಒತ್ತಿದರು. ಗಕ್ಕನೆ ನಿಂತ ರಭಸಕ್ಕೆ ಅಜ್ಜಿ ಮುಂದಕ್ಕೆ ಮುಗ್ಗರಿಸಿ, ಹಿಂದಕ್ಕೆ ಬಂದು ಕೂತು, ಸೆರಗು ಸರಿಮಾಡಿಕೊಂಡಳು. ಅಪ್ಪ ಜೋರಾಗಿ ನಕ್ಕರು. ಅಜ್ಜಿ ಹಿಂದಕ್ಕೆ ತಿರುಗಿದಳು.

“ಹೇಳೋದು ಇನ್ನೇನಾದ್ರೂ ಉಳ್ಕೊಂಡಿದ್ಯೇನಪ್ಪಾ?”

ಸೆಲ್ವಣ್ಣ ಕತ್ತು ತುರಿಸಿಕೊಂಡರು.

“ಮಕ್ಳು ಹತ್ತೋ ಬಾಗ್ಲಮ್ಮ. ಈಗ್ಲೇ ನೋಡ್ದೆ. ಲಾಕು ಸವೆದೋಗಿದೆ, ಹಳ್ಳಕ್ಕೆ ಇಳಿದ್ರೆ ತೆರ್ಕೊಬೋದು. ಹೊಸದೇ ಹಾಕ್ಬೇಕು.”

“ಎಷ್ಟಾಗುತ್ತೆ?” ಎಂದಳು ಅಮ್ಮ.

ಸೆಲ್ವಣ್ಣ ಹೇಳಿದರು.

“ಅಯ್ಯೋ, ಒಂದು ಲಾಕಿಗೆ ಅಷ್ಟೊಂದಾ! ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ ಸೆಲ್ವಣ್ಣ.”

ಅಪ್ಪ ಕನ್ನಡಿಯಲ್ಲಿ ನೋಡುತ್ತಿದ್ದರು. ಸೆಲ್ವಣ್ಣ ಅಮ್ಮನನ್ನು ನೋಡಿದರು, ಅಜ್ಜಿಯನ್ನು ನೋಡಿದರು, ನನ್ನನ್ನು ನೋಡಿದರು. ಸಂಕೋಚದಿಂದ ಇನ್ನಷ್ಟು ಮುದುಡಿಕೊಂಡರು.

“ಆಗಲ್ಲಮ್ಮ.”

ಅಜ್ಜಿ ಅಂಗೈಯಿಂದ ಡ್ಯಾಶ್‌ಬೋರ್ಡಿಗೆ ಫಟಾರನೆ ಒಂದು ಹೊಡೆದಳು.

“ಹಾಂ! ಈಗ ಬಂತು ನೋಡು ಬಾಯಿ!”